ಮೂರ್ತಿ ಚಿಕ್ಕದು, ಪಟ್ಟು ದೊಡ್ಡದೇ? ಸಣ್ಣ ಜಟ್ಟಿ ದೊಡ್ಡ ಜಟ್ಟಿಯನ್ನು ಕೆಡವುವ ಪ್ರಶ್ನೆ

ಎರಡು ವರ್ಷಕ್ಕೊಮ್ಮೆ ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ನಡೆಯುತ್ತದೆ. ಜಾತ್ರೆ ಎಂದ ಮೇಲೆ ಬಯಲು ಜಂಗಿ ಕುಸ್ತಿಯೂ ಇರಬೇಕು. ಕಣದ ಸುತ್ತ ಕೂತ ಜನ ಇಡೀ ದಿನದಲ್ಲಿ ಅತಿ ಜೋರಾಗಿ ಕೂಗುವುದು ಹೆಸರಾಂತ ಪೈಲ್ವಾನರ ಕೊನೆಯ ಜೋಡಿಗಲ್ಲ. ಎತ್ತರದಲ್ಲೂ ಮೈಕಟ್ಟಿನಲ್ಲೂ ಕಡಿಮೆ ಇರುವ ಹುಡುಗನೊಬ್ಬ ತನಗಿಂತ ಒಂದೂವರೆ ಪಟ್ಟು ಇರುವವನ ಬೆನ್ನನ್ನು ಮಣ್ಣಿಗೆ ಮುಟ್ಟಿಸಿದಾಗ ಏಳುವ ಕೂಗೇ ಬೇರೆ. ಆ ಹುಡುಗನನ್ನು ಹೆಗಲ ಮೇಲೆ ಹೊತ್ತು ಕಣ ಸುತ್ತುತ್ತಾರೆ, ಗುರುತು ಪರಿಚಯ ಇಲ್ಲದವರೂ ನೋಟು ಕೊಡುತ್ತಾರೆ. ಆಮೇಲೆ ಗರಡಿ ಮನೆಯ ಕಟ್ಟೆಗಳ ಮೇಲೆ ವರ್ಷಗಟ್ಟಲೆ ಅದೇ ಮಾತು: ಅವನು ಗೆದ್ದದ್ದು ಹೇಗೆ?

ಪಟ್ಟಿನಿಂದ ಎನ್ನುವವರಿದ್ದಾರೆ, ದಮ್ಮಿನಿಂದ ಎನ್ನುವವರಿದ್ದಾರೆ. ದೊಡ್ಡವನ ಸೊಕ್ಕಿನಿಂದ ಎನ್ನುವವರೂ, ಅದೃಷ್ಟ ಎಂದು ಕೈ ತೊಳೆದುಕೊಳ್ಳುವವರೂ ಇದ್ದಾರೆ. ಈ ವಾದ ನಮ್ಮ ಊರಿನದಷ್ಟೇ ಅಲ್ಲ. ಬಾಕ್ಸಿಂಗ್ ರಿಂಗಿನ ಸುತ್ತಲೂ, ಜಪಾನಿನ ಸುಮೊ ಕಣದ ಸುತ್ತಲೂ ಇದೇ ವಾದ ನಡೆದಿದೆ. ಕುಸ್ತಿಯ ಊರಿನಲ್ಲಿ ಕೂತು ಈ ಪ್ರಶ್ನೆ ನೋಡುವಾಗ ನಾನು ಪದೇ ಪದೇ ಬಾಕ್ಸಿಂಗಿನ ಕಡೆಗೆ ಹೋಗುವುದಕ್ಕೆ ಒಂದೇ ಕಾರಣ: ಅಲ್ಲಿ ಇಬ್ಬರ ತೂಕವನ್ನೂ ಬರೆದಿಟ್ಟಿದ್ದಾರೆ. ಕರೂರು ಕೈಗಾರಿಕಾ ಪ್ರದೇಶಕ್ಕೆ ಬಂದು ಹೋಗುವ ಸರಕಿಗೆ ತೂಕದ ಚೀಟಿ ಬೇಕೇ ಬೇಕು. ಅಲ್ಲಿಂದ ಕೆಲವೇ ಕಿಲೊಮೀಟರ್ ದೂರದ ಕಣದಲ್ಲಿ ಹುಡುಗರ ಜೋಡಿ ಕಟ್ಟುವುದು ಬಹುಕಾಲ ಕಣ್ಣಳತೆಯಲ್ಲೇ ನಡೆದುಕೊಂಡು ಬಂದಿದೆ.

ಮಥುರೆಯ ಹೆಂಗಸರ ಆಕ್ಷೇಪ

ಸಮ ಅಲ್ಲದ ಜೋಡಿಯ ಬಗ್ಗೆ ನಮ್ಮಲ್ಲಿ ಮೊದಲು ದನಿ ಎತ್ತಿದವರು ಪೈಲ್ವಾನರಲ್ಲ, ನೋಡಲು ಬಂದಿದ್ದ ಹೆಂಗಸರು. ಭಾಗವತದ ಹತ್ತನೆಯ ಸ್ಕಂಧದಲ್ಲಿ ಕಂಸ ಹೂಡಿದ ಮಲ್ಲಯುದ್ಧದ ಪ್ರಸಂಗ ಬರುತ್ತದೆ. ಒಂದು ಕಡೆ ಚಾಣೂರ, ಮುಷ್ಟಿಕ. ಇನ್ನೊಂದು ಕಡೆ ಇನ್ನೂ ಹುಡುಗರಾದ ಕೃಷ್ಣ, ಬಲರಾಮ. ಬೆಟ್ಟದಂತಹ ಮಲ್ಲರಿಗೆ ಎಳೆಯರನ್ನು ಎದುರು ನಿಲ್ಲಿಸುವುದು ಅಧರ್ಮ, ಅದನ್ನು ನೋಡುತ್ತಾ ಸುಮ್ಮನೆ ಕೂತ ಸಭೆಗೂ ಆ ಪಾಪ ತಟ್ಟುತ್ತದೆ ಎಂದು ಮಥುರೆಯ ಹೆಂಗಸರು ಹೇಳುತ್ತಾರೆ. ಕೃಷ್ಣ ಗೆದ್ದದ್ದನ್ನು ನಾವು ನೆನಪಿಟ್ಟುಕೊಂಡೆವು, ಹೆಂಗಸರ ಆಕ್ಷೇಪವನ್ನು ಮರೆತೆವು. ನನ್ನ ಮಟ್ಟಿಗೆ ಈ ಚರ್ಚೆಯಲ್ಲಿ ಅತ್ಯಂತ ಹಳೆಯದೂ ಅತ್ಯಂತ ನೇರವೂ ಆದ ಮಾತು ಅದೇ.

ಕನ್ನಡ ನಾಡಿನ ಅರಸರಿಗೂ ಈ ವಿವೇಕ ಇತ್ತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ವಿನೋದಕ್ಕೇ ಒಂದು ಭಾಗವಿದೆ. ಅದರಲ್ಲಿ ಮಲ್ಲರನ್ನು ವಯಸ್ಸು, ಮೈ, ಬಲ ನೋಡಿ ಬೇರೆ ಬೇರೆ ದರ್ಜೆ ಮಾಡಿ, ಅವರ ಊಟ ಮತ್ತು ಸಾಮು ಹೇಗಿರಬೇಕು ಎಂದು ಹೇಳಲಾಗಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಮಲ್ಲರನ್ನು ಕಂಡು ಬೆರಗಾದ. ಇದು ನಮ್ಮ ಕಡೆಯ ಕುಸ್ತಿಯಂತಲ್ಲ, ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ ಗುದ್ದುತ್ತಾರೆ, ತೀರ್ಪು ಹೇಳಲು ಮುಖಂಡರಿದ್ದಾರೆ ಎಂದು ಬರೆದ. ಹಾಗೆ ನೋಡಿದರೆ ಗುದ್ದಾಟದ ಕಲೆ ತುಂಗಭದ್ರೆಯ ತೀರಕ್ಕೆ ಹೊಸದೇನಲ್ಲ. ಮೈಸೂರಿನಲ್ಲಿ ವಿಜಯದಶಮಿಯಂದು ಜಟ್ಟಿಗಳ ವಜ್ರಮುಷ್ಟಿ ಕಾಳಗ ಈಗಲೂ ನಡೆಯುತ್ತದೆ. ಮೊದಲ ರಕ್ತ ಕಂಡ ಕೂಡಲೇ ನಿಲ್ಲುತ್ತದೆ. ಜೋಡಿಯನ್ನು ಹಿರಿಯರೇ ನೋಡಿ ಗೊತ್ತುಮಾಡುತ್ತಾರೆ.

ರಣಧೀರ ಕಂಠೀರವ ನರಸರಾಜ ಒಡೆಯರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ, ಊರ ಬಾಗಿಲಿಗೆ ಚಲ್ಲಣ ಕಟ್ಟಿ ಸವಾಲೆಸೆದಿದ್ದ ಜಟ್ಟಿಯನ್ನು ಸೋಲಿಸಿದ ಕಥೆ ಮೈಸೂರು ಸೀಮೆಯಲ್ಲಿ ಮನೆಮಾತು. ಆ ಕಥೆಗೆ ಮಾನ ಮುಖ್ಯ, ಮೈ ಮುಖ್ಯವಲ್ಲ.

ತಕ್ಕಡಿ ಬಂದದ್ದು

1743ರಲ್ಲಿ ಇಂಗ್ಲೆಂಡಿನ ಜಾಕ್ ಬ್ರಾಟನ್ ಬಾಕ್ಸಿಂಗಿಗೆ ನಿಯಮ ಬರೆದಾಗ ಅದರಲ್ಲಿ ತೂಕದ ಮಾತೇ ಇರಲಿಲ್ಲ. ಅದೇ ಶತಮಾನದ ಕೊನೆಯಲ್ಲಿ 73 ಕಿಲೊ ಆಸುಪಾಸಿನ ಡೇನಿಯಲ್ ಮೆಂಡೋಜಾ ತನಗಿಂತ ದೊಡ್ಡವರನ್ನೆಲ್ಲ ಸೋಲಿಸಿ ಇಂಗ್ಲೆಂಡಿನ ಚಾಂಪಿಯನ್ ಆದ. ನಿಂತಲ್ಲೇ ಗುದ್ದಿಸಿಕೊಳ್ಳುವ ಬದಲು ಕಾಲು ಸರಿಸಿ, ತಲೆ ತಪ್ಪಿಸಿ ಆಡುವುದನ್ನು ಕಲಿಸಿದವರಲ್ಲಿ ಅವನು ಮೊದಲಿಗ. 1795ರಲ್ಲಿ ಅವನಿಗಿಂತ ದಪ್ಪನಾದ ಜಾನ್ ಜ್ಯಾಕ್ಸನ್ ಅವನ ಉದ್ದ ಕೂದಲನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಗುದ್ದಿ ಸೋಲಿಸಿದ.

1860ರ ಏಪ್ರಿಲ್ 17ರಂದು ಫಾರ್ನ್‌ಬರೊದಲ್ಲಿ ನಡೆದ ಟಾಮ್ ಸೇಯರ್ಸ್ ಮತ್ತು ಅಮೆರಿಕದ ಜಾನ್ ಹೀನನ್ ಕಾಳಗ ಈ ಕಾಲದ ದೊಡ್ಡ ಉದಾಹರಣೆ. ಸೇಯರ್ಸ್ 70 ಕಿಲೊ ದಾಟಿರಲಿಲ್ಲ, ಹೀನನ್ 88 ಕಿಲೊ ಇದ್ದ. ಬಲಗೈ ಆರಂಭದಲ್ಲೇ ಕೆಟ್ಟರೂ ಸೇಯರ್ಸ್ ಎರಡು ತಾಸಿಗೂ ಮೀರಿ ನಿಂತ. ಕೊನೆಗೆ ಜನ ನುಗ್ಗಿ, ಪೊಲೀಸರು ಬಂದು, ಪಂದ್ಯ ಸಮವಾಯಿತು. 1896ರ ಅಥೆನ್ಸ್ ಒಲಿಂಪಿಕ್ಸ್‌ನ ಕುಸ್ತಿಯಲ್ಲೂ ತೂಕದ ವಿಭಾಗ ಇರಲಿಲ್ಲ. ಅಲ್ಲಿ ಗೆದ್ದವನು ಜರ್ಮನಿಯ ಕಾರ್ಲ್ ಶೂಮನ್, ಐದು ಅಡಿ ನಾಲ್ಕು ಅಂಗುಲದ ಜಿಮ್ನಾಸ್ಟ್! ಮೊದಲ ಸುತ್ತಿನಲ್ಲೇ ಅವನು ಕೆಡವಿದ್ದು ಅದೇ ಕೂಟದಲ್ಲಿ ಭಾರ ಎತ್ತಿ ಚಿನ್ನ ಗೆದ್ದಿದ್ದ ಆಜಾನುಬಾಹು ಲಾನ್ಸೆಸ್ಟನ್ ಎಲಿಯಟ್‌ನನ್ನು.

1909ರಲ್ಲಿ ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ 8 ತೂಕ ವಿಭಾಗಗಳನ್ನು ಗೊತ್ತುಮಾಡಿತು. ಈಗ ವೃತ್ತಿಪರ ಬಾಕ್ಸಿಂಗಿನಲ್ಲಿ ಅವು ಅದರ ಎರಡು ಪಟ್ಟಿಗೂ ಹೆಚ್ಚಾಗಿವೆ. ಆದರೆ ಒಂದು ಬಾಗಿಲು ತೆರೆದೇ ಉಳಿಯಿತು. ಹೆವಿವೇಟ್‌ಗೆ ಮೇಲಿನ ಮಿತಿ ಇಲ್ಲ. ಮುಂದಿನ ನೂರು ವರ್ಷದ ದೊಡ್ಡ ಕಥೆಗಳೆಲ್ಲ ಬಹುಪಾಲು ಆ ಬಾಗಿಲಿನಿಂದಲೇ ಬಂದವು.

ಪಟ್ಟೇ ಮೇಲು ಎನ್ನುವವರು

ಗರಡಿ ಉಸ್ತಾದರಲ್ಲಿ ಹೆಚ್ಚಿನವರು ಈ ಪಂಥದವರು. ಗಿಡ್ಡನ ನಡು ನೆಲಕ್ಕೆ ಹತ್ತಿರ, ಆದ್ದರಿಂದ ಅವನು ಉದ್ದನೆಯವನ ಅಡಿಗೆ ಸುಲಭವಾಗಿ ನುಗ್ಗುತ್ತಾನೆ. ಧೋಬಿ, ಧಾಕ್, ಕಲಾಜಂಗ್ ಮೊದಲಾದ ಪಟ್ಟುಗಳೆಲ್ಲ ಎದುರಾಳಿಯ ಭಾರವನ್ನೇ ಬಳಸಿಕೊಂಡು ಅವನನ್ನು ಎಸೆಯುವಂಥವು. ದೊಡ್ಡವನು ಮುನ್ನುಗ್ಗಿದಷ್ಟೂ ತನ್ನ ತೂಕವನ್ನು ಸಣ್ಣವನ ಕೈಗೇ ಕೊಡುತ್ತಾನೆ. ಐದು ಅಡಿ ಏಳು ಅಂಗುಲದ ಗಾಮಾ, ಏಳು ಅಡಿಗೆ ಸಮೀಪ ಇದ್ದ ರಹೀಂ ಬಕ್ಷ್ ಸುಲ್ತಾನಿವಾಲಾನನ್ನು ಕೊನೆಗೆ ಅಲಹಾಬಾದಿನಲ್ಲಿ ಸೋಲಿಸಿದ್ದನ್ನು ಇವರು ಮೊದಲ ಸಾಕ್ಷಿಯಾಗಿ ಇಡುತ್ತಾರೆ.

ಸುಮೊದಲ್ಲಿ ತೂಕದ ವಿಭಾಗವೇ ಇಲ್ಲ. 1990ರ ದಶಕದಲ್ಲಿ ಮೈನೊಉಮಿ ಎಂಬ 100 ಕಿಲೊ ಆಸುಪಾಸಿನ ಪಟು, 200 ಕಿಲೊ ಮೀರಿದ ಅಕೆಬೊನೊ, ಕೊನಿಶಿಕಿ ಅವರನ್ನು ಕಣದಿಂದ ಹೊರಹಾಕಿದ. ಸುಮೊಗೆ ಸೇರಲು ಬೇಕಾದ ಎತ್ತರ ಇಲ್ಲವೆಂದು ನೆತ್ತಿಯಡಿ ಸಿಲಿಕೋನ್ ತುಂಬಿಸಿಕೊಂಡು ಬಂದವನು ಅವನು. ಜೂಡೊದಲ್ಲಿ 80 ಕಿಲೊದ ಇಸಾವೊ ಒಕಾನೊ 1967 ಮತ್ತು 1969ರಲ್ಲಿ ತೂಕದ ಮಿತಿಯಿಲ್ಲದ ಅಖಿಲ ಜಪಾನ್ ಪ್ರಶಸ್ತಿ ಗೆದ್ದ.

ಈ ವಾದ ಬಹಳಷ್ಟನ್ನು ವಿವರಿಸುತ್ತದೆ, ಎಲ್ಲವನ್ನೂ ಅಲ್ಲ. ಪಟ್ಟು ಸಣ್ಣವನ ಸ್ವತ್ತಲ್ಲ. ದೊಡ್ಡವನೂ ಅದನ್ನೇ ಕಲಿತು ಬಂದರೆ ಏನಾಗುತ್ತದೆ ಎಂಬುದನ್ನು 1964ರ ಟೋಕಿಯೊ ಒಲಿಂಪಿಕ್ಸ್ ತೋರಿಸಿತು. ಜೂಡೊದಲ್ಲಿ ನೆದರ್ಲೆಂಡ್ಸ್‌ನ ಭಾರಿ ಆಳು ಆಂಟನ್ ಗೀಸಿಂಕ್, ಜಪಾನಿನ ಜನರ ಎದುರೇ ಅವರ ಪಟು ಕಾಮಿನಾಗನನ್ನು ಹಿಡಿದು ಮಲಗಿಸಿದ. ಮೃದು ಗಟ್ಟಿಯನ್ನು ಗೆಲ್ಲುತ್ತದೆ ಎಂದು ನಂಬಿದ್ದ ದೇಶ ಅಂದು ಮೌನವಾಯಿತು.

ದಮ್ಮಿನ ವಾದ

ಎರಡನೆಯ ಪಂಥಕ್ಕೆ ಹೊತ್ತು ಮುಖ್ಯ. ದೊಡ್ಡ ಮೈಗೆ ಹೆಚ್ಚು ಉಸಿರು ಬೇಕು. ಮೊದಲ ಐದು ನಿಮಿಷ ಅವನದು, ಆಮೇಲೆ ನನ್ನದು ಎಂದು ಸಣ್ಣ ಪೈಲ್ವಾನ ಕಾಯುತ್ತಾನೆ. ಇದಕ್ಕೆ ನನಗೆ ತೋರುವ ಅತ್ಯಂತ ಸ್ವಚ್ಛವಾದ ಪುರಾವೆ ಅಮೆರಿಕದ ಯುಎಫ್‌ಸಿ ಪಂದ್ಯಗಳ ಆರಂಭದ ದಿನಗಳದು. 1993ರಲ್ಲಿ ಶುರುವಾದಾಗ ಅಲ್ಲಿ ತೂಕದ ವಿಭಾಗ ಇರಲಿಲ್ಲ, ಪಂದ್ಯ ಒಬ್ಬ ಸೋಲುವವರೆಗೂ ನಡೆಯುತ್ತಿತ್ತು. 80 ಕಿಲೊ ಆಸುಪಾಸಿನ ಬ್ರೆಜಿಲಿನ ರಾಯ್ಸ್ ಗ್ರೇಸಿ 1994ರ ಡಿಸೆಂಬರಿನಲ್ಲಿ ತನಗಿಂತ 35 ಕಿಲೊಗೂ ಹೆಚ್ಚಿದ್ದ ಕುಸ್ತಿಪಟು ಡಾನ್ ಸೆವೆರ್ನ್ ಅಡಿಯಲ್ಲಿ ಹದಿನೈದು ನಿಮಿಷ ಅಂಗಾತ ಬಿದ್ದಿದ್ದ. ನೋಡಿದವರೆಲ್ಲ ಅವನು ಸೋತ ಎಂದುಕೊಂಡರು. ಹದಿನಾರನೆಯ ನಿಮಿಷ ತುಂಬುವ ಮೊದಲೇ ಕಾಲಿನಿಂದ ಕೊರಳು ಕಟ್ಟಿ ಸೆವೆರ್ನ್‌ನಿಂದ ಸೋಲು ಒಪ್ಪಿಸಿದ. ಮರುವರ್ಷವೇ ಪಂದ್ಯಕ್ಕೆ ಕಾಲಮಿತಿ ಬಂತು, 1997ರಲ್ಲಿ ತೂಕದ ವಿಭಾಗವೂ ಬಂತು. ಕಾಲಮಿತಿ ಇದ್ದಿದ್ದರೆ ಗ್ರೇಸಿಯ ಕಥೆ ಹೇಗಿರುತ್ತಿತ್ತು ಎಂದು ಕೇಳಿಕೊಳ್ಳಬೇಕು.

ಇದರ ಪಾಠ ನಮ್ಮ ಜಾತ್ರೆಗಳಿಗೂ ನೇರವಾಗಿ ಬರುತ್ತದೆ. ಚಿತ್ ಆಗುವವರೆಗೂ ಬಿಡದ ನಿಕಾಲಿ ಕುಸ್ತಿಯಲ್ಲಿ ಸಣ್ಣವನಿಗೆ ಇದ್ದ ಅವಕಾಶ, ಇಷ್ಟು ನಿಮಿಷಕ್ಕೆ ಅಂಕ ಎಣಿಸುವ ಮ್ಯಾಟ್ ಕುಸ್ತಿಯಲ್ಲಿ ಇಲ್ಲ. ನಿಯಮ ಬದಲಾದರೆ ಗೆಲ್ಲುವ ಮೈಯೂ ಬದಲಾಗುತ್ತದೆ. ದಮ್ಮಿನ ವಾದಕ್ಕೆ ಬಾಕ್ಸಿಂಗಿನ ಇತ್ತೀಚಿನ ಬೆಂಬಲ ಉಕ್ರೇನಿನ ಅಲೆಕ್ಸಾಂಡರ್ ಉಸಿಕ್. 2024ರ ಮೇ 18ರಂದು ರಿಯಾದಿನಲ್ಲಿ ಅವನು 101 ಕಿಲೊ, ಎದುರಾಳಿ ಟೈಸನ್ ಫ್ಯೂರಿ 119 ಕಿಲೊ, ಎತ್ತರದಲ್ಲೂ ಅರ್ಧ ಅಡಿ ಮೇಲೆ. ಪಂದ್ಯದ ನಡುವೆ ಫ್ಯೂರಿಯದೇ ಮೇಲುಗೈ ಇತ್ತು. ಉಸಿಕ್ ಕಾಲು ನಿಲ್ಲಿಸಲಿಲ್ಲ. ಒಂಬತ್ತನೆಯ ಸುತ್ತಿನಲ್ಲಿ ಫ್ಯೂರಿ ಹಗ್ಗದಿಂದ ಹಗ್ಗಕ್ಕೆ ತೂರಾಡಿದ, ಕೊನೆಗೆ ಸೋತ. ಡಿಸೆಂಬರಿನ ಮರುಪಂದ್ಯಕ್ಕೆ ಫ್ಯೂರಿ ಇನ್ನೂ ಎಂಟು ಕಿಲೊ ಏರಿಸಿಕೊಂಡು ಬಂದ, ಮತ್ತೆ ಸೋತ.

ಗುದ್ದಿನ ಲೆಕ್ಕ

ಬಾಕ್ಸಿಂಗಿನಲ್ಲಿ ಸಣ್ಣವನು ದೊಡ್ಡವನ ಅಡಿಗೆ ನುಗ್ಗಿ ಎತ್ತಿ ಒಗೆಯುವಂತಿಲ್ಲ. ಉದ್ದ ಕೈಯನ್ನು ದಾಟಿ ಗುದ್ದಬೇಕು. ಇಲ್ಲಿ ಶರೀರಶಾಸ್ತ್ರದವರು ಒಂದು ಮಾತು ಹೇಳುತ್ತಾರೆ. ಮೈ ಬೆಳೆದಂತೆ ಭಾರ ಬೆಳೆಯುವಷ್ಟು ವೇಗವಾಗಿ ಸ್ನಾಯುಬಲ ಬೆಳೆಯುವುದಿಲ್ಲ. ಟರ್ಕಿಯ ನಯೀಮ್ ಸುಲೇಮಾನೊಗ್ಲು 1988ರಲ್ಲಿ 60 ಕಿಲೊ ವಿಭಾಗದಲ್ಲಿ 190 ಕಿಲೊ ಎತ್ತಿದ, ತನ್ನ ಮೈಯ ಮೂರು ಪಟ್ಟಿಗೂ ಹೆಚ್ಚು. ಯಾವ ದೈತ್ಯನೂ ತನ್ನ ತೂಕದ ಮೂರು ಪಟ್ಟನ್ನು ಹಾಗೆ ತಲೆಯ ಮೇಲಕ್ಕೆ ಎತ್ತಿಲ್ಲ. ಗುದ್ದಿಗೆ ಬೇಕಾದದ್ದು ಭಾರ ಮತ್ತು ವೇಗ ಎರಡೂ. ವೇಗದಲ್ಲಿ ಸಣ್ಣವನು ಕೊರತೆ ತುಂಬಿಕೊಳ್ಳಬಲ್ಲ.

ಮೈಯಲ್ಲಿ ಭಾರ ಎಲ್ಲಿದೆ ಎಂಬುದೂ ಮುಖ್ಯ. ಬಾಬ್ ಫಿಟ್ಜ್‌ಸಿಮನ್ಸ್ ಕಮ್ಮಾರ. ನ್ಯೂಜಿಲೆಂಡಿನ ಟಿಮಾರುವಿನ ಕುಲುಮೆಯಲ್ಲಿ ಸುತ್ತಿಗೆ ಬೀಸಿ ಬೆಳೆದವನು. ಕಾಲು ಸಣಕಲು, ಹೆಗಲು ಮಾತ್ರ ಎತ್ತಿನದು. 1897ರ ಮಾರ್ಚ್ 17ರಂದು 76 ಕಿಲೊ ತೂಗುತ್ತಿದ್ದ ಅವನು ತನಗಿಂತ ದಪ್ಪನಾದ ಜೇಮ್ಸ್ ಕಾರ್ಬೆಟ್‌ನ ಹೊಟ್ಟೆಯ ಮೇಲ್ಭಾಗಕ್ಕೆ ಗುದ್ದಿ ಉಸಿರು ನಿಲ್ಲಿಸಿ ವಿಶ್ವ ಹೆವಿವೇಟ್ ಪಟ್ಟ ಹಿಡಿದ. 1900ರಲ್ಲಿ 140 ಕಿಲೊ ದಾಟಿದ ಎಡ್ ಡಂಕ್‌ಹಾರ್ಸ್ಟ್‌ನನ್ನು ಎರಡನೆಯ ಸುತ್ತಿನಲ್ಲೇ ಉರುಳಿಸಿದ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾಲದ ಲೇತ್ ಕೆಲಸದವರ ಹೆಗಲುಗಳನ್ನು ನೋಡಿದವರಿಗೆ ಈ ಕಮ್ಮಾರನ ಕಥೆ ವಿಚಿತ್ರ ಎನಿಸುವುದಿಲ್ಲ. ದುಡಿಮೆಯಿಂದ ಬಂದ ಕಸುವು ತಕ್ಕಡಿಯಲ್ಲಿ ಕಾಣುವುದಿಲ್ಲ.

ದೊಡ್ಡವನೇ ಸೋತದ್ದು

ಇನ್ನೊಂದು ಪಂಥದವರು ಗೆದ್ದವನನ್ನು ಬಿಟ್ಟು ಬಿದ್ದವನನ್ನು ಪರೀಕ್ಷಿಸುತ್ತಾರೆ. 1919ರ ಜುಲೈ 4ರಂದು ಟೊಲೆಡೊದಲ್ಲಿ 85 ಕಿಲೊದ ಜ್ಯಾಕ್ ಡೆಂಪ್ಸಿ, 111 ಕಿಲೊದ ಜೆಸ್ ವಿಲಾರ್ಡ್‌ನನ್ನು ಮೊದಲ ಸುತ್ತಿನಲ್ಲಿ 7 ಬಾರಿ ಕೆಡವಿದ. ಆದರೆ ವಿಲಾರ್ಡ್‌ಗೆ ಆಗ 37 ವರ್ಷ, ಮೂರು ವರ್ಷದಿಂದ ಪಟ್ಟ ಪಣಕ್ಕಿಟ್ಟಿರಲಿಲ್ಲ. 1934ರಲ್ಲಿ ಮ್ಯಾಕ್ಸ್ ಬೇರ್ ಎದುರು ಮತ್ತೆ ಮತ್ತೆ ಬಿದ್ದ ಇಟಲಿಯ ದೈತ್ಯ ಪ್ರಿಮೊ ಕಾರ್ನೆರಾನ ಹಿಂದಿನ ಗೆಲುವುಗಳಲ್ಲಿ ಹಲವು ಮೊದಲೇ ಕುದುರಿಸಿದ್ದವು ಎಂಬ ಆರೋಪ ಇತ್ತು. ಅವನನ್ನು ನಡೆಸುತ್ತಿದ್ದವರು ಪಾತಕಿಗಳು. ಏಳು ಅಡಿಯ ರಷ್ಯನ್ ನಿಕೊಲಾಯ್ ವಲುಯೆವ್ 2009ರ ನವೆಂಬರಿನಲ್ಲಿ ತನಗಿಂತ ಸುಮಾರು 45 ಕಿಲೊ ಕಡಿಮೆಯಿದ್ದ ಡೇವಿಡ್ ಹೇ ಎದುರು ಅಂಕಗಳ ಮೇಲೆ ಸೋತ. ಅವನ ಪಾದ ಮೊದಲಿಂದಲೂ ನಿಧಾನ. ದೈತ್ಯರಿಗೆ ಚಿಕ್ಕಂದಿನಿಂದ ಮೈಯೇ ಗೆಲುವು ತಂದುಕೊಟ್ಟಿರುತ್ತದೆ, ಆದ್ದರಿಂದ ಅವರಲ್ಲಿ ಅನೇಕರು ಕಲಿಯಬೇಕಾದದ್ದನ್ನು ಕಲಿಯದೆ ಬರುತ್ತಾರೆ ಎಂಬುದು ಈ ವಾದದ ತಿರುಳು. ಒಪ್ಪುವಂಥದ್ದೇ. ಆದರೆ ಇದನ್ನೇ ಪೂರ್ತಿ ನಂಬಿದರೆ ಸಣ್ಣವನ ಯಾವ ಗೆಲುವಿಗೂ ಬೆಲೆ ಉಳಿಯುವುದಿಲ್ಲ. ಅದು ಅನ್ಯಾಯ.

ನೆನಪಿನ ಪಕ್ಷಪಾತ

ನನ್ನನ್ನು ಹೆಚ್ಚು ಕಾಡಿದ್ದು ಐದನೆಯ ವಾದ. ಸಣ್ಣವನು ಗೆದ್ದದ್ದನ್ನು ಹಾಡಿ ಹೊಗಳುತ್ತೇವೆ, ಸೋತದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದೂ ಅಲ್ಲದೆ, ದೊಡ್ಡವನ ಎದುರು ನಿಲ್ಲುವ ಅವಕಾಶ ಸಿಗುವುದೇ ತನ್ನ ತೂಕದವರನ್ನೆಲ್ಲ ಸೋಲಿಸಿ ಬಂದ ಸಣ್ಣವನಿಗೆ. ಅವನು ಸಾಮಾನ್ಯ ಸಣ್ಣವನಲ್ಲ.

1941ರ ಜೂನ್ 18ರಂದು ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ ಬಿಲ್ಲಿ ಕಾನ್ ಜೋ ಲೂಯಿಸ್‌ನನ್ನು ಎದುರಿಸಿದ. ಪ್ರಕಟಿಸಿದ ತೂಕ ಕಾನ್‌ದು 79 ಕಿಲೊ, ನಿಜದ ತೂಕ ಅದಕ್ಕೂ ಕಡಿಮೆ ಎನ್ನುತ್ತಾರೆ. ಲೂಯಿಸ್ 90 ಕಿಲೊ. ಹನ್ನೆರಡು ಸುತ್ತು ಕಾನ್ ಮಿಂಚಿದ. ಮೂವರು ತೀರ್ಪುಗಾರರಲ್ಲಿ ಇಬ್ಬರ ಪಟ್ಟಿಯಲ್ಲಿ ಅವನೇ ಮುಂದು, ಮೂರನೆಯವರದು ಸಮ. ತಪ್ಪಿಸಿಕೊಂಡು ಓಡಾಡಿದ್ದರೆ ಸಾಕಿತ್ತು, ಪಟ್ಟ ಅವನದಾಗುತ್ತಿತ್ತು. ಹನ್ನೆರಡನೆಯ ಸುತ್ತಿನಲ್ಲಿ ಲೂಯಿಸ್ ಅಲುಗಾಡಿದ್ದನ್ನು ಕಂಡಿದ್ದ ಕಾನ್, ಹದಿಮೂರರಲ್ಲಿ ಅವನನ್ನು ಕೆಡವಿಯೇ ಬಿಡಬೇಕೆಂದು ಹತ್ತಿರ ನುಗ್ಗಿದ. ಸುತ್ತು ಮುಗಿಯಲು ಎರಡು ಸೆಕೆಂಡ್ ಇರುವಾಗ ಅವನನ್ನು ಎಣಿಸಿ ಹೊರಗಿಟ್ಟರು. ಮೂವತ್ತಾರು ನಿಮಿಷ ಕಲೆ ಗೆದ್ದಿತ್ತು. ದೊಡ್ಡವನಿಗೆ ಒಂದು ತಪ್ಪು ಸಾಲುತ್ತದೆ, ಸಣ್ಣವನಿಗೆ ಒಂದೂ ತಪ್ಪು ಮಾಡುವ ಹಕ್ಕಿಲ್ಲ. ತೂಕ ಎಂದರೆ ಏನು ಎಂದು ಕೇಳುವವರಿಗೆ ನಾನು ತೋರಿಸುವುದು ಈ ಪಂದ್ಯವನ್ನೇ.

ಇಂತಹ ಸೋಲುಗಳ ಸಾಲು ಉದ್ದವಿದೆ. 1909ರಲ್ಲಿ ಮಿಡಲ್‌ವೇಟ್ ಸ್ಟ್ಯಾನ್ಲಿ ಕೆಚೆಲ್ ಹನ್ನೆರಡನೆಯ ಸುತ್ತಿನಲ್ಲಿ ಜ್ಯಾಕ್ ಜಾನ್ಸನ್‌ನನ್ನು ಬೀಳಿಸಿದ. ಎದ್ದ ಜಾನ್ಸನ್ ಒಂದೇ ಪೆಟ್ಟಿಗೆ ಕೆಚೆಲ್‌ನನ್ನು ಮಲಗಿಸಿದ. 2016ರಲ್ಲಿ ಬಾಕ್ಸರ್‌ಗಳಾದ ಅಮೀರ್ ಖಾನ್, ಕೆಲ್ ಬ್ರೂಕ್ ಇಬ್ಬರೂ ಮೇಲಿನ ತೂಕಕ್ಕೆ ಏರಿ ಹೊಡೆತ ತಿಂದರು. ಎಲ್ಲ ಕಾಲದ ದೊಡ್ಡ ಅಚ್ಚರಿ ಎಂದು ಹೆಸರಾದ 1990ರ ಟೋಕಿಯೊ ಪಂದ್ಯದಲ್ಲಿ ಮೈಕ್ ಟೈಸನ್‌ನನ್ನು ಬೀಳಿಸಿದ ಬಸ್ಟರ್ ಡಗ್ಲಸ್, ಟೈಸನ್‌ಗಿಂತ ಎತ್ತರವೂ ಭಾರವೂ ಆಗಿದ್ದ. ಅಚ್ಚರಿಯ ಗೆಲುವೆಲ್ಲ ಸಣ್ಣವನದಲ್ಲ.

ಹಾಗೆಂದು ನಿಜವಾದ ಗೆಲುವುಗಳನ್ನು ಈ ವಾದ ಅಳಿಸಲಾರದು. 2025ರ ಸೆಪ್ಟೆಂಬರಿನಲ್ಲಿ ಟೆರೆನ್ಸ್ ಕ್ರಾಫರ್ಡ್ ಎರಡು ವಿಭಾಗ ಮೇಲೇರಿ ಕನೆಲೊ ಅಲ್ವಾರೆಜ್‌ನನ್ನು ಅಂಕಗಳ ಮೇಲೆ ಸ್ಪಷ್ಟವಾಗಿ ಗೆದ್ದ.

ತಕ್ಕಡಿಯ ಇನ್ನೊಂದು ಮುಖ

ತೂಕದ ವಿಭಾಗ ಬಂದದ್ದು ಸಣ್ಣವರನ್ನು ಕಾಪಾಡಲು. ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ 2020ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 55 ಕಿಲೊ ವಿಭಾಗದ ಕಂಚು ಗೆದ್ದದ್ದು ಆ ವ್ಯವಸ್ಥೆಯಿಂದ. ಬೆಳ್ಳಿ ಗದೆಯ ಬಯಲು ಕಣದಲ್ಲಿ 55 ಕಿಲೊದ ಹುಡುಗನಿಗೆ ಕೊನೆಯ ಜೋಡಿಯ ಮರ್ಯಾದೆ ಸಿಗುವುದು ಅಪರೂಪ. ಆದರೆ ಅದೇ ತಕ್ಕಡಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಾಟ್ ಅವರನ್ನು 100 ಗ್ರಾಂ ಹೆಚ್ಚಾಯಿತೆಂದು ಫೈನಲ್ಲಿನ ದಿನ ಹೊರಗಿಟ್ಟಿತು. ನೀರು ಬಿಟ್ಟು, ರಾತ್ರಿಯಿಡೀ ಬೆವರಿ ಮೈ ಇಳಿಸುವ ಪದ್ಧತಿ ಈಗ ಪ್ರತಿ ವಿಭಾಗದಲ್ಲೂ ಇದೆ. ತೂಗುವ ಹೊತ್ತಿಗೆ ಸಮನಾದವರು ಕಣಕ್ಕೆ ಇಳಿಯುವ ಹೊತ್ತಿಗೆ ಸಮನಾಗಿರುವುದಿಲ್ಲ. 2010ರಲ್ಲಿ ಮ್ಯಾನಿ ಪ್ಯಾಕಿಯಾವೊ ಮತ್ತು ಮಾರ್ಗರಿಟೊ ತೂಗಿದಾಗ ಇದ್ದ ಎರಡೂವರೆ ಕಿಲೊ ಅಂತರ ಪಂದ್ಯದ ರಾತ್ರಿ ಏಳು ಕಿಲೊ ದಾಟಿತ್ತು. ಗೆದ್ದವನು ಪ್ಯಾಕಿಯಾವೊನೇ.

ಇತ್ಯರ್ಥವಾಗದೆ ಉಳಿದದ್ದು

ಎಷ್ಟು ಕಿಲೊ ಅಂತರದವರೆಗೆ ಕಲೆ ಭಾರವನ್ನು ಸರಿದೂಗಿಸುತ್ತದೆ? ಇದಕ್ಕೆ ಒಪ್ಪಿತವಾದ ಉತ್ತರ ಇಲ್ಲ. ಕುಸ್ತಿಯ ಮಿತಿ, ಬಾಕ್ಸಿಂಗಿನ ಮಿತಿ ಒಂದೇ ಆಗಿರಲಾರದು. ಸಣ್ಣವನು ಗೆಲುವಿಗಾಗಿ ಮೈ ಏರಿಸಿ ಇಳಿಸಿದ್ದಕ್ಕೆ ಆಮೇಲೆ ತೆರುವ ಬೆಲೆ ಎಷ್ಟು ಎಂಬುದೂ ತೀರ್ಮಾನವಾಗಿಲ್ಲ. ರಾಯ್ ಜೋನ್ಸ್ 2003ರಲ್ಲಿ ಮಿಡಲ್‌ವೇಟ್‌ನಿಂದ ಬೆಳೆದು ಹೆವಿವೇಟ್ ಪಟ್ಟ ಗೆದ್ದ. ಮೈ ಇಳಿಸಿ ಮರಳಿದ ಅವನನ್ನು 2004ರಲ್ಲಿ ಆಂಟೋನಿಯೊ ಟಾರ್ವರ್ ಎರಡನೆಯ ಸುತ್ತಿನಲ್ಲೇ ಮಲಗಿಸಿದ. ಮೊದಲನೆಯದೇ ಎರಡನೆಯದಕ್ಕೆ ಕಾರಣವೇ ಎಂದು ಬಲ್ಲವರು ಇನ್ನೂ ವಾದಿಸುತ್ತಾರೆ. ನಿಯಮ, ಕಾಲಮಿತಿ, ನೆಲ ಇವುಗಳಲ್ಲಿ ಯಾವುದು ಎಷ್ಟು ಪಾಲು ಪಡೆಯುತ್ತದೆ ಎಂಬ ಲೆಕ್ಕವನ್ನು ಕೆಮ್ಮಣ್ಣಿನ ಕುಸ್ತಿಗೆ ಹಾಕಬೇಕಿದ್ದರೆ ಮೊದಲು ದಾಖಲೆ ಬೇಕು.

ಚಿಕ್ಕೋಡಿ ಸೀಮೆಯ ಏಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ 1959ರಲ್ಲಿ ಬಂತಾ ಸಿಂಗ್‌ನನ್ನು ಸೋಲಿಸಿ ಮೊದಲ ಹಿಂದ್ ಕೇಸರಿ ಆದದ್ದು ಎಲ್ಲರಿಗೂ ಗೊತ್ತು. ಅಂದು ಯಾರ ಮೈ ಎಷ್ಟು ಭಾರ ಇತ್ತು ಎಂಬುದು ಜನರ ಬಾಯಲ್ಲಿ ಉಳಿಯಲಿಲ್ಲ. ನಮ್ಮ ಜಾತ್ರೆಗಳ ಸಾವಿರಾರು ಕುಸ್ತಿಗಳ ಗತಿಯೂ ಇದೇ.

ದಾವಣಗೆರೆ, ಹರಿಹರದ ಜಾತ್ರಾ ಕುಸ್ತಿ ಸಮಿತಿಗಳ ಹಿರಿಯರಲ್ಲಿ ನನ್ನ ಕೋರಿಕೆ ಒಂದೇ. ಮುಕ್ತ ಜೋಡಿಗಳನ್ನು ನಿಲ್ಲಿಸಬೇಡಿ, ಅದು ಈ ಕಲೆಯ ಜೀವ. ಆದರೆ ಕಣದ ಪಕ್ಕ ಒಂದು ತೂಕದ ಯಂತ್ರ ಇಡಿ. ಹದಿನೆಂಟು ತುಂಬದ ಹುಡುಗರಿಗೆ ತೂಕ ನೋಡದೆ ಜೋಡಿ ಕಟ್ಟಬೇಡಿ. ಪ್ರತಿ ಕುಸ್ತಿಗೂ ಇಬ್ಬರ ಹೆಸರು, ತೂಕ, ಎಷ್ಟು ನಿಮಿಷ, ಯಾವ ಪಟ್ಟು ಎಂದು ಒಂದು ವಹಿಯಲ್ಲಿ ಬರೆಸಿ. ಹತ್ತು ಜಾತ್ರೆಗಳ ವಹಿ ಸೇರಿದರೆ ಈ ಪ್ರಶ್ನೆಗೆ ಉತ್ತರ ಹೇಳಲು ನಾವು ಬೇರೆ ದೇಶದ ಪುಸ್ತಕ ನೋಡಬೇಕಾಗಿಲ್ಲ.